ಅತಿಥಿಯಾಗಲು ಕಲಿಯದವನು ಸೇವಕನಾಗಬಲ್ಲನೇ?

ಇತ್ತೀಚಿನ ವರ್ಷಗಳಲ್ಲಿ ನಮ್ಮ ಪಟ್ಟಣಗಳ ಕಾಲೇಜು ವಿದ್ಯಾರ್ಥಿಗಳ ಕೈಯಲ್ಲಿ ಹೊಸ ಬಗೆಯ ಮಾಹಿತಿ ಪತ್ರಗಳು ಕಾಣಿಸಿಕೊಳ್ಳತೊಡಗಿವೆ. ಆಫ್ರಿಕಾದ ಅಥವಾ ಆಗ್ನೇಯ ಏಷ್ಯಾದ ಯಾವುದೋ ಹಳ್ಳಿಯಲ್ಲಿ ಕೆಲವು ವಾರಗಳ ಸಮುದಾಯ ಅಭಿವೃದ್ಧಿಯ ಇಂಟರ್ನ್‌ಶಿಪ್, ಸ್ಥಳೀಯ ಕುಟುಂಬವೊಂದರ ಮನೆಯಲ್ಲಿ ವಾಸ, ಕೊನೆಗೊಂದು ಪ್ರಮಾಣಪತ್ರ. ಸಮಾಜಕಾರ್ಯ ಓದುತ್ತಿರುವ ಮಗನನ್ನು ಅಥವಾ ಮಗಳನ್ನು ಕಳುಹಿಸಬಹುದೇ ಎಂದು ಹೆತ್ತವರು ನಮ್ಮಲ್ಲಿ ವಿಚಾರಿಸುವುದುಂಟು. ಅವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಎರಡು. ಅಲ್ಲಿ ಸುರಕ್ಷಿತವೇ? ಮುಂದೆ ಉದ್ಯೋಗಕ್ಕೆ ಪ್ರಯೋಜನವಾದೀತೇ? ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಮೂರನೆಯದೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ನಮ್ಮ ಮಕ್ಕಳಿಗೆ ಅನ್ನ ಬಡಿಸಲಿರುವ ಆ ಮನೆಯವರಿಗೆ ಇದರಿಂದ ದೊರೆಯುವುದೇನು?

ಬಡ ದೇಶಗಳ ಹಳ್ಳಿಗಳಿಗೆ ಹೊರಗಿನ ಯುವಕರನ್ನು ಸೇವೆಗೆಂದು ಕಳುಹಿಸುವ ಕ್ರಮಕ್ಕೆ ದೀರ್ಘ ಇತಿಹಾಸವಿದೆ. 1961ರಲ್ಲಿ ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿ ಪೀಸ್ ಕೋರ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅದು ಶೀತಲ ಸಮರದ ಕಾಲ. ಹೊಸದಾಗಿ ಸ್ವತಂತ್ರವಾಗುತ್ತಿದ್ದ ರಾಷ್ಟ್ರಗಳು ಸೋವಿಯತ್ ಒಕ್ಕೂಟದತ್ತ ವಾಲದಂತೆ ನೋಡಿಕೊಳ್ಳುವುದು ಅದರ ಉದ್ದೇಶಗಳಲ್ಲೊಂದಾಗಿತ್ತು ಎಂಬುದು ಗುಟ್ಟೇನೂ ಅಲ್ಲ. ಸರಕಾರಗಳು ಸೇವೆಯ ಬುತ್ತಿಯಲ್ಲಿ ರಾಜಕೀಯವನ್ನೂ ಕಟ್ಟಿಕೊಡುತ್ತವೆ. ಆದರೆ ಹೋದ ಯುವಕರೆಲ್ಲರೂ ರಾಜಕೀಯಕ್ಕಾಗಿಯೇ ಹೋದವರು ಎನ್ನುವುದು ಅನ್ಯಾಯವಾದೀತು.

ಈ ಸದುದ್ದೇಶವನ್ನೇ ಅತ್ಯಂತ ಕಟುವಾಗಿ ಪ್ರಶ್ನಿಸಿದವರು ಇವಾನ್ ಇಲಿಚ್. ಕ್ಯಾಥೊಲಿಕ್ ಪಾದ್ರಿಯೂ ಚಿಂತಕರೂ ಆಗಿದ್ದ ಅವರು 1968ರಲ್ಲಿ ಮೆಕ್ಸಿಕೋದ ಕ್ವೆರ್ನವಾಕಾದಲ್ಲಿ ಅಮೆರಿಕದ ವಿದ್ಯಾರ್ಥಿ ಸೇವಕರ ಎದುರಿಗೇ ನಿಂತು ಮಾತನಾಡಿದರು. ಭಾಷೆಯನ್ನೇ ಅರಿಯದ ನೀವು ಇಲ್ಲಿನ ಬಡವರಿಗೆ ಮಾಡುವ ಉಪಕಾರವಾದರೂ ಏನು? ನೋಡಲು ಬನ್ನಿ, ಕಲಿಯಲು ಬನ್ನಿ, ಆದರೆ ಉದ್ಧರಿಸಲು ಬರಬೇಡಿ. ಇದು ಅವರ ಮಾತಿನ ಸಾರ. ಕೇಳಿದವರಿಗೆ ಕಹಿಯೆನಿಸಿರಬೇಕು. ಆದರೆ ಅರ್ಧ ಶತಮಾನದ ಬಳಿಕವೂ ಆ ಮಾತಿನ ಸತ್ಯಾಂಶ ಮಾಸಿಲ್ಲ.

ಸಂಪೂರ್ಣ ಸತ್ಯ ಅದೊಂದೇ ಆಗಿದ್ದರೆ ನಾವು ಈ ವಿಷಯವನ್ನು ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಪಶ್ಚಿಮ ಆಫ್ರಿಕಾದ ಸೆನೆಗಲ್‌ನ ಅನುಭವ ಬೇರೊಂದು ಮುಖವನ್ನು ತೋರಿಸುತ್ತದೆ. ಜನಸಂಖ್ಯೆಯ ಬಹುಪಾಲು ಮುಸ್ಲಿಮರೇ ಇರುವ ಈ ದೇಶಕ್ಕೆ 1963ರಿಂದ ಪೀಸ್ ಕೋರ್‌ನ ಯುವಕರು ಹೋಗತೊಡಗಿದರು. ತರಬೇತಿಯ ವಾರಗಳಲ್ಲೇ ಅವರನ್ನು ಸ್ಥಳೀಯ ಕುಟುಂಬಗಳಲ್ಲಿ ಇರಿಸುವ ಕ್ರಮವಿದೆ. ಮನೆಯವರು ಮೊದಲು ಮಾಡುವ ಕೆಲಸವೆಂದರೆ ಅತಿಥಿಗೆ ತಮ್ಮದೊಂದು ಹೆಸರು ಕೊಡುವುದು. ಅಮೆರಿಕದ ಹುಡುಗಿ ಅಂದಿನಿಂದ ಫಾತೂ ಅಥವಾ ಆವಾ ಆಗುತ್ತಾಳೆ. ಮಧ್ಯಾಹ್ನ ಒಂದೇ ದೊಡ್ಡ ಬೋಗುಣಿಯ ಸುತ್ತ ಎಲ್ಲರೂ ಕುಳಿತು ಉಣ್ಣುತ್ತಾರೆ. ಪ್ರತಿಯೊಬ್ಬರೂ ತಮ್ಮ ಮುಂದಿನ ಭಾಗದಿಂದಲೇ ತೆಗೆದುಕೊಳ್ಳಬೇಕು. ಮೀನು ಮತ್ತು ತರಕಾರಿ ನಡುವಿನಲ್ಲಿರುತ್ತದೆ. ಮನೆಯೊಡತಿ ಅದನ್ನು ಮುರಿದು ಒಳ್ಳೆಯ ತುಂಡನ್ನು ಅತಿಥಿಯ ಕಡೆಗೆ ಸರಿಸುತ್ತಾಳೆ. ಈ ಆತಿಥ್ಯಕ್ಕೆ ವೊಲೋಫ್ ಭಾಷೆಯಲ್ಲಿ 'ತೆರಾಂಗ' ಎನ್ನುತ್ತಾರೆ. ಯಾವ ತರಗತಿಯೂ ಕಲಿಸದ ಪಾಠಗಳು ಆ ಬೋಗುಣಿಯ ಸುತ್ತ ದೊರೆಯುತ್ತವೆ. ಯಾರು ಮೊದಲು ಕೈಯಿಡುತ್ತಾರೆ, ಯಾರು ಕೊನೆಗೆ ಏಳುತ್ತಾರೆ, ಮಳೆ ಬಾರದ ವರ್ಷ ಬೋಗುಣಿಯಲ್ಲಿ ಏನು ಕಡಿಮೆಯಾಗುತ್ತದೆ ಎಂಬುದನ್ನು ಅರಿಯದವನು ಆ ಊರಿನ ಅಭಿವೃದ್ಧಿಯ ಬಗ್ಗೆ ಏನು ತಾನೇ ವರದಿ ಬರೆಯಬಲ್ಲನು?

ಇದೇ ಸೆನೆಗಲ್‌ಗೆ 1974ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಿಂದ ಮೋಲಿ ಮೆಲ್ಚಿಂಗ್ ಎಂಬ ವಿದ್ಯಾರ್ಥಿನಿ ಬಂದರು. ಕೆಲವು ತಿಂಗಳ ವ್ಯಾಸಂಗಕ್ಕೆಂದು ಬಂದವರು ಅಲ್ಲೇ ಉಳಿದರು, ವೊಲೋಫ್ ಕಲಿತರು, ಪೀಸ್ ಕೋರ್‌ನಲ್ಲಿ ದುಡಿದರು. 1980ರ ದಶಕದಲ್ಲಿ ತಿಯೆಸ್ ಪಟ್ಟಣದ ಸಮೀಪದ ಹಳ್ಳಿಯೊಂದರಲ್ಲಿ ಜನರೊಂದಿಗೇ ವಾಸಿಸಿದರು. 1991ರಲ್ಲಿ 'ತೋಸ್ತಾನ್' ಎಂಬ ಸಂಸ್ಥೆಯನ್ನು ಆರಂಭಿಸಿದರು. ಮೊಟ್ಟೆಯೊಡೆದು ಮರಿ ಹೊರಬರುವುದಕ್ಕೆ ವೊಲೋಫ್‌ನಲ್ಲಿರುವ ಪದವದು. ಜನರದೇ ಭಾಷೆಯಲ್ಲಿ ಅಕ್ಷರ, ಆರೋಗ್ಯ, ಹಕ್ಕುಗಳ ಬಗ್ಗೆ ಚರ್ಚಿಸುವ ತರಗತಿಗಳು ಅದರ ಕಾರ್ಯವಿಧಾನ.

ಆ ಪ್ರದೇಶದ ಕೆಲವು ಜನಾಂಗಗಳಲ್ಲಿ ಹೆಣ್ಣುಮಕ್ಕಳ ಅಂಗಛೇದನದ ಕ್ರೂರ ಸಂಪ್ರದಾಯ ಧರ್ಮದ ಹೆಸರಿನಲ್ಲಿ ಬೇರುಬಿಟ್ಟಿತ್ತು. 1997ರ ಜುಲೈ 31ರಂದು ಮಾಲಿಕುಂಡ ಬಂಬಾರ ಎಂಬ ಹಳ್ಳಿಯ ಮಹಿಳೆಯರು ತಾವು ಇದನ್ನು ಕೈಬಿಟ್ಟಿದ್ದೇವೆಂದು ಬಹಿರಂಗವಾಗಿ ಘೋಷಿಸಿದರು. ಪ್ರಪಂಚ ಚಪ್ಪಾಳೆ ತಟ್ಟಿತು. ಆದರೆ ನೆರೆಹೊರೆಯ ಊರುಗಳಲ್ಲಿ ಅಸಮಾಧಾನ ಭುಗಿಲೆದ್ದಿತು. ಆಗ ಕೇರ್ ಸಿಂಬಾರ ಎಂಬ ಹಳ್ಳಿಯ ಇಮಾಮ್ ದೆಂಬಾ ದಿಯಾವಾರ ಮುಂದೆ ಬಂದು ಒಂದು ಮಹತ್ವದ ವಿಷಯವನ್ನು ತಿಳಿಸಿದರು. ನಮ್ಮ ಮದುವೆ ಸಂಬಂಧಗಳು ಹತ್ತಾರು ಹಳ್ಳಿಗಳಲ್ಲಿ ಹರಡಿವೆ, ಒಂದೇ ಹಳ್ಳಿ ತೀರ್ಮಾನಿಸಿದರೆ ಅದರ ಹೆಣ್ಣುಮಕ್ಕಳನ್ನು ವರಿಸುವವರಾರು, ಬಂಧುಗಳೆಲ್ಲರೂ ಕೂಡಿ ನಿರ್ಧರಿಸಬೇಕು ಎಂಬುದು ಅವರ ವಾದವಾಗಿತ್ತು. ಬಳಿಕ ಅವರು ಊರಿಂದೂರಿಗೆ ನಡೆದುಹೋಗಿ ಬಂಧುಗಳೊಂದಿಗೆ ಮಾತನಾಡಿದರು. 1998ರ ಫೆಬ್ರವರಿಯಲ್ಲಿ ದಿಯಾಬುಗುವಿನಲ್ಲಿ 13 ಹಳ್ಳಿಗಳು ಒಟ್ಟಾಗಿ ಘೋಷಣೆ ಮಾಡಿದವು. ಸರಕಾರದ ನಿಷೇಧ ಕಾನೂನು ಬಂದುದು ಅದರ ನಂತರ, 1999ರಲ್ಲಿ. ಆ ಪದ್ಧತಿ ಇನ್ನೂ ಸಂಪೂರ್ಣ ಅಳಿದಿಲ್ಲ. ಆದರೆ ಸಾವಿರಾರು ಹಳ್ಳಿಗಳು ಇಂತಹ ಘೋಷಣೆಗೆ ಮುಂದಾದವು.

ಇಲ್ಲಿ ಗಮನಿಸಬೇಕಾದ ಅಂಶವೇನು? ದಾರಿ ತೋರಿದವರು ಹೊರಗಿನ ತಜ್ಞರಲ್ಲ, ಊರಿನ ಇಮಾಮರು. ಹೊರಗಿನಿಂದ ಬಂದ ಮಹಿಳೆಯ ಹಿರಿಮೆ ಇರುವುದು ಅವರ ಮಾತನ್ನು ಅವರದೇ ಭಾಷೆಯಲ್ಲಿ ಕೇಳಿಸಿಕೊಂಡುದರಲ್ಲಿ, ಕೇಳಿ ತನ್ನ ದಾರಿಯನ್ನು ತಿದ್ದಿಕೊಂಡುದರಲ್ಲಿ. ಇಪ್ಪತ್ತಕ್ಕೂ ಹೆಚ್ಚು ವರ್ಷ ಆ ಜನರ ನಡುವೆ ಬಾಳಿದ ಬಳಿಕವೂ ಆಕೆಗೆ ಕಲಿಯುವುದು ಬಾಕಿಯಿತ್ತು. ನಾಲ್ಕು ವಾರಗಳಿಗೆ ಹೋಗುವವರು ಕಲಿಸಿ ಬರುತ್ತೇವೆನ್ನುವುದು ಎಷ್ಟು ಸರಿ?

ಕಲಿಯುವ ವಿನಯವಿಲ್ಲದ ಸೇವೆ ನಿರುಪಯುಕ್ತವಷ್ಟೇ ಅಲ್ಲ, ಅಪಾಯಕಾರಿಯೂ ಆಗಬಲ್ಲುದು. ಕಾಂಬೋಡಿಯಾ ಮತ್ತು ನೇಪಾಳಗಳಲ್ಲಿ ವಿದೇಶಿ ಸ್ವಯಂಸೇವಕರ ಹಣ ಹರಿದು ಬರತೊಡಗಿದಾಗ ಅನಾಥಾಲಯಗಳೂ ಹೆಚ್ಚಾದವು. ಅವುಗಳಲ್ಲಿದ್ದ ಮಕ್ಕಳಲ್ಲಿ ಅನೇಕರು ಅನಾಥರೇ ಆಗಿರಲಿಲ್ಲ. ತಂದೆ ಅಥವಾ ತಾಯಿ ಬದುಕಿದ್ದ ಮಕ್ಕಳನ್ನು ಓದಿಸುವ ಆಸೆ ತೋರಿಸಿ ಕರೆತರಲಾಗಿತ್ತು. ಎರಡು ವಾರ ಮುದ್ದಾಡಿ ಫೋಟೋ ತೆಗೆಸಿಕೊಂಡು ಹೋಗುವವರ ಸಂತೃಪ್ತಿಗಾಗಿ ಮಕ್ಕಳು ಹೆತ್ತವರಿಂದ ಅಗಲುವುದು ಎಂತಹ ಸೇವೆ! ಅನಾಥರ ಹಕ್ಕಿನ ಬಗ್ಗೆ ಇಷ್ಟೊಂದು ಎಚ್ಚರಿಕೆ ಪಡೆದ ಸಮುದಾಯದ ಮಕ್ಕಳು ಇಂತಹ ವ್ಯವಹಾರದಲ್ಲಿ ಅರಿಯದೆಯೂ ಪಾಲುಗೊಳ್ಳಬಾರದು.

ಆತಿಥ್ಯದ ಹಕ್ಕಿಗೆ ಪ್ರವಾದಿವರ್ಯರು(ಸ) ಮೂರು ದಿನಗಳ ಮಿತಿಯನ್ನು ನಿಗದಿಪಡಿಸಿರುವರು. ಅನಂತರ ಮನೆಯವರು ಬಡಿಸುವುದು ಅವರ ದಾನ. ಆತಿಥೇಯನಿಗೆ ಕಷ್ಟವಾಗುವಷ್ಟು ಕಾಲ ತಂಗಬಾರದೆಂಬ ತಾಕೀತೂ ಅದರ ಜೊತೆಗಿದೆ. ಮೂರು ದಿನಗಳಿಗಿಂತ ಹೆಚ್ಚು ಕಾಲ ಉಳಿಯುವವನು ಅತಿಥಿಯೆಂಬ ಗೌರವದಲ್ಲಿ ಕುಳಿತಿರಲಾಗದು. ಆತ ಮನೆಯ ಮಗನಾಗಬೇಕು, ಮನೆಯ ಭಾರದಲ್ಲಿ ಪಾಲು ಹೊರಬೇಕು.

ಇದನ್ನು ನಾವು ಪುಸ್ತಕದಿಂದ ಮಾತ್ರ ಕಲಿತದ್ದಲ್ಲ. ನಮ್ಮ ಕರಾವಳಿಯ ಮಸೀದಿಗಳ ದರ್ಸ್‌ನಲ್ಲಿ ಕಲಿಯುವ ವಿದ್ಯಾರ್ಥಿಗಳಿಗೆ ಜಮಾಅತಿನ ಮನೆಗಳಲ್ಲಿ ಊಟ ಗೊತ್ತುಪಡಿಸುವ ಪದ್ಧತಿಯನ್ನು ಓದುಗರು ಬಲ್ಲರು. ನಾವೂ ಹಾಗೆ ಉಂಡು ಕಲಿತವರು. ಇಶಾ ನಮಾಝಿನ ಬಳಿಕ ಹೋದರೆ ಆ ಮನೆಯ ಉಮ್ಮ ಮೀನಿನ ದೊಡ್ಡ ತುಂಡನ್ನು ನಮ್ಮ ತಟ್ಟೆಗೆ ಹಾಕಿ ಚಿಕ್ಕದನ್ನು ತನ್ನ ಮಗನಿಗೆ ಬಡಿಸುತ್ತಿದ್ದರು. ನಾವು ಸಂಕೋಚವಿಲ್ಲದೆ ಉಣ್ಣುತ್ತಿದ್ದೆವು. ಮಳೆಗಾಲದಲ್ಲಿ ದೋಣಿ ಕಡಲಿಗಿಳಿಯದೆ ಮನೆಯ ಯಜಮಾನರಿಗೆ ಕೆಲಸವಿಲ್ಲದಿದ್ದಾಗ ಆ ಉಮ್ಮ ನೆರೆಮನೆಯಿಂದ ಅಕ್ಕಿ ಸಾಲ ತಂದು ನಮ್ಮ ಊಟವನ್ನು ನಡೆಸಿದ್ದರೆಂಬುದು ನಮಗೆ ಗೊತ್ತಾದದ್ದು ಬಹಳ ವರ್ಷಗಳ ಬಳಿಕ, ಅವರ ಮರಣದ ಮನೆಯಲ್ಲಿ. ಧರ್ಮವನ್ನು ಕಲಿಯಲು ಹೋದ ನಾವು ಅದನ್ನು ಆಚರಿಸುತ್ತಿದ್ದವರ ಅಡುಗೆಮನೆಯನ್ನು ಒಮ್ಮೆಯೂ ಗಮನಿಸಿರಲಿಲ್ಲ. ಆ ಲಜ್ಜೆ ಇಂದಿಗೂ ನಮ್ಮಲ್ಲಿದೆ. ಈ ಲೇಖನಕ್ಕೆ ಪ್ರೇರಣೆಯೂ ಅದುವೇ.

ಹಾಗಾದರೆ ಮಕ್ಕಳನ್ನು ಕಳುಹಿಸಬಾರದೇ? ಕಳುಹಿಸಬೇಕು ಎಂಬುದೇ ನಮ್ಮ ಅಭಿಪ್ರಾಯ. ನಮ್ಮ ಯುವಕರು ವಿದೇಶವೆಂದರೆ ಸಂಬಳವೆಂದು ಮಾತ್ರ ತಿಳಿದಿದ್ದಾರೆ. ಇನ್ನೊಂದು ನಾಡಿನ ಬಡವನ ಮನೆಯಲ್ಲಿ ಕುಳಿತು ಆತನ ಕಣ್ಣಿನಿಂದ ಲೋಕವನ್ನು ನೋಡುವ ಅವಕಾಶ ಅವರಿಗೆ ದೊರೆಯಲಿ. ಆದರೆ ಹಣ ಕಟ್ಟುವ ಮೊದಲು ಹೆತ್ತವರು ಕೆಲವು ಪ್ರಶ್ನೆಗಳನ್ನು ಕೇಳಲೇಬೇಕು. ನಾವು ಕಟ್ಟುವ ಹಣದಲ್ಲಿ ಆ ಕುಟುಂಬಕ್ಕೆ ಸೇರುವ ಪಾಲೆಷ್ಟು? ಭಾಷೆ ಕಲಿಯಲು ಎಷ್ಟು ದಿನ ಮೀಸಲಿದೆ? ಈ ಕೆಲಸ ಬೇಕೆಂದು ಕೇಳಿದವರು ಊರಿನವರೋ, ಕಳುಹಿಸುವ ಸಂಸ್ಥೆಯೋ? ನಮ್ಮ ಮಗ ಮರಳಿದ ಬಳಿಕ ಆ ಕೆಲಸವನ್ನು ಮುಂದುವರಿಸುವವರು ಯಾರು? ಅಲ್ಲಿನ ಯುವಕನೊಬ್ಬ ಸಂಬಳ ಪಡೆದು ಮಾಡಬಹುದಾದ ಕೆಲಸವನ್ನು ನಮ್ಮ ಮಗ ಹಣ ಕೊಟ್ಟು ಮಾಡುತ್ತಿಲ್ಲ ತಾನೇ? ಇವುಗಳಿಗೆ ನೇರ ಉತ್ತರ ಕೊಡದ ಸಂಸ್ಥೆ ಮಾರುತ್ತಿರುವುದು ಪ್ರವಾಸವನ್ನೇ ಹೊರತು ಸೇವೆಯನ್ನಲ್ಲ.

2020ರ ಮಾರ್ಚ್‌ನಲ್ಲಿ ಕೊರೋನಾ ಹರಡಿದಾಗ ಪೀಸ್ ಕೋರ್ ಪ್ರಪಂಚದಾದ್ಯಂತ ಇದ್ದ ತನ್ನ ಸ್ವಯಂಸೇವಕರೆಲ್ಲರನ್ನೂ ಒಮ್ಮೆಲೇ ಮರಳಿ ಕರೆಸಿಕೊಂಡಿತು. ಅದನ್ನು ತಪ್ಪೆನ್ನಲಾಗದು. ಆದರೆ ಅಂದು ಒಂದು ಸತ್ಯ ಬಯಲಾಯಿತು. ಅತಿಥಿಗೆ ಮರಳಲು ಬೇರೊಂದು ಮನೆಯಿದೆ, ಆತಿಥೇಯನಿಗೆ ಇರುವುದು ಅದೊಂದೇ. ಈ ಅಂತರವನ್ನು ಮರೆಯದವನು ಮಾತ್ರ ಇನ್ನೊಬ್ಬರ ಊರಿನಲ್ಲಿ ಸೇವೆಯೆಂಬ ಪದವನ್ನು ಬಳಸಲು ಅರ್ಹನು. ಆದ್ದರಿಂದ ವಿಮಾನ ಹತ್ತಲಿರುವ ಮಕ್ಕಳಿಗೆ ನಾವು ಹೇಳಿಕೊಡಬೇಕಾದ ಮೊದಲ ಪಾಠ ಯೋಜನಾ ವರದಿ ಬರೆಯುವುದಲ್ಲ. ಬೋಗುಣಿಯ ಸುತ್ತ ಕುಳಿತಾಗ ತನ್ನೆಡೆಗೆ ಸರಿದ ಮೀನಿನ ತುಂಡು ಯಾರ ಪಾಲಿನದೆಂದು ಗಮನಿಸುವುದು.