ಗುಳೆ ಹೋದವರ ಮಕ್ಕಳನ್ನು ಕೇಳುವವರು ಯಾರು?



ದೀಪಾವಳಿ ಮುಗಿಯುತ್ತಿದ್ದಂತೆ ಮಸ್ಕಿ, ಲಿಂಗಸುಗೂರು ಭಾಗದ ಒಣಬೇಸಾಯದ ಹಳ್ಳಿಗಳಿಂದ ಜನ ಬೆಂಗಳೂರಿಗೆ ಗುಳೆ ಹೊರಡುತ್ತಾರೆ. ತುಂಗಭದ್ರಾ ಎಡದಂಡೆ ನಾಲೆಯ ನೀರು ಕಂಡ ಊರಿಗೆ ಭತ್ತವಿದೆ. ಕಾಣದ ಊರಿಗೆ ಕಟ್ಟಡದ ಕೂಲಿಯೇ ಗತಿ. ಮಕ್ಕಳು ಅಜ್ಜ-ಅಜ್ಜಿಯರ ಬಳಿ ಉಳಿಯುತ್ತಾರೆ, ಇಲ್ಲವೆ ತಂದೆತಾಯಿಯೊಡನೆ ತಗಡಿನ ಶೆಡ್ಡು ಸೇರುತ್ತಾರೆ.

ಊರಲ್ಲಿ ಉಳಿದ ಮಗು ಊಟ ಬಿಡುತ್ತದೆ, ಹೊಟ್ಟೆನೋವು ಎನ್ನುತ್ತದೆ, ಮಾತು ಕಡಿಮೆ ಮಾಡುತ್ತದೆ. ಶಾಲೆಯಲ್ಲಿ ಅದಕ್ಕೆ ಮೊಂಡುತನವೆಂಬ ಹೆಸರು. ಮನೆಯಲ್ಲಿ ಗಾಳಿ ಸೋಕಿದೆ ಎಂದು ತಾಯತ ಕಟ್ಟುತ್ತಾರೆ. ಅದು ಅಗಲಿಕೆಯ ನೋವೆಂದು ಗುರುತಿಸುವವರಿಲ್ಲ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ಶಾಲೆಗೆ ವರ್ಷಕ್ಕೊಮ್ಮೆ ಬಂದು ಕಣ್ಣು, ಹಲ್ಲು, ರಕ್ತಹೀನತೆ ನೋಡಬೇಕು. ಒಳ್ಳೆಯ ಕೆಲಸವೇ. ಆದರೆ ಆ ದಿನ ಮಗು ಬೆಂಗಳೂರಿನಲ್ಲಿದ್ದರೆ? ಊರಲ್ಲೇ ಇದ್ದರೂ, ಒಂದೇ ಭೇಟಿಯಲ್ಲಿ ಅಪರಿಚಿತರ ಮುಂದೆ ಮನಸ್ಸು ಬಿಚ್ಚೀತೆ?

ನೀರಾವರಿ ಇಲಾಖೆಯಲ್ಲಿ ಎಂಜಿನಿಯರಾಗಿ ದುಡಿದವನು ನಾನು. ನಾಲೆಯ ಏರಿಯಲ್ಲಿ ಸಣ್ಣ ಸೋರಿಕೆ ಮೊದಲು ಕಾಣುವುದು ಜೀಪಿನಲ್ಲಿ ಬಂದುಹೋಗುವ ಅಧಿಕಾರಿಗಲ್ಲ, ದಿನವೂ ಏರಿಯ ಮೇಲೆ ನಡೆಯುವ ನೀರಗಂಟಿಗೆ. ಶಾಲೆಗೂ ಅಂಥವರೊಬ್ಬರು ಬೇಕು. ನಾಲ್ಕೈದು ಶಾಲೆಗೆ ಒಬ್ಬ ನರ್ಸ್ ಇರಲಿ. ಗುಳೆ ಹೊರಡುವ ಮುಂಚೆ ಹೆತ್ತವರ ಫೋನ್ ನಂಬರು ಬರೆದಿಟ್ಟುಕೊಳ್ಳಲಿ. ವಾರಕ್ಕೊಮ್ಮೆ ಮಗುವನ್ನು ಮಾತಾಡಿಸಲಿ, ತಾಯಿಗೆ ಫೋನ್ ಹಚ್ಚಿ ಕೊಡಲಿ, ಅಜ್ಜಿಯ ಕಷ್ಟವನ್ನೂ ಕೇಳಲಿ. ಗುಳೆಯಿಂದ ಮರಳಿದ ಮಗು ತರಗತಿಗೆ ಹೊಂದಿಕೊಳ್ಳುವವರೆಗೆ ಬೆನ್ನಿಗಿರಲಿ. ತನ್ನಿಂದ ಆಗದ್ದನ್ನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರಿಗೆ ಒಪ್ಪಿಸಲಿ. ಹೆತ್ತವರಿಗೆ 14416 ಎಂಬ ಟೆಲಿ ಮಾನಸ್ ಸಂಖ್ಯೆ ಬರೆದುಕೊಡಲಿ. 2022ರ ಅಕ್ಟೋಬರಿನಿಂದ ಈ ಸೇವೆಯಿದೆ. ಶೆಡ್ಡಿನಿಂದಲೇ, ಹಗಲಿರಲಿ ಇರುಳಿರಲಿ, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಸಂಬಳ ಯಾರು ಕೊಡಬೇಕು? ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಿಂದ ಶಾಲಾ ಕೊಠಡಿಗಳು ಎದ್ದಿವೆ. ಕೊಠಡಿ ಕಟ್ಟಿದ ಮೇಲೆ ಒಳಗೆ ಕೂತ ಮಗುವನ್ನೂ ನೋಡಿರೆಂದು ಮಂಡಳಿಯನ್ನು ಕೇಳೋಣ. ಮಠಗಳ ಶಾಲೆ, ಪ್ರಸಾದನಿಲಯಗಳು ಅಲ್ಲಿಯವರೆಗೆ ಕಾಯಬೇಕಿಲ್ಲ. ಹಸಿದು ಬಂದವರ ಕುಲ ಕೇಳದೆ ಅನ್ನವಿಕ್ಕಿದ ಪರಂಪರೆ ನಮ್ಮದು. ಅದೇ ದಾಸೋಹದಲ್ಲಿ ಒಬ್ಬ ನರ್ಸಿನ ಸಂಬಳಕ್ಕೂ ಪಾಲು ತೆಗೆಯೋಣ. ಮುಂದಿನ ದೀಪಾವಳಿಗೆ ಬಸ್ಸು ಹತ್ತುವ ತಾಯಿಗೆ, ಮಗುವನ್ನು ಕೇಳುವವರು ಊರಲ್ಲಿ ಒಬ್ಬರಿದ್ದಾರೆ ಎಂಬ ಧೈರ್ಯವಿರಲಿ.