ಒಂದು ಬೃಂದಾವನ ಸಾಲದು

"ಸೊಸೈಟಿಯ ತೋಟದಲ್ಲಿ ಬೃಂದಾವನವಿದೆ, ಅದರಲ್ಲಿ ತುಳಸಿ ಇದೆ, ಇನ್ನು ಬೇರೆ ಮಡಿಯೇಕೆ?" ಪುಣೆಯ ಕನ್ನಡಿಗರೇ ಹೀಗೆ ಕೇಳುವುದು ಸೋಜಿಗ. ಆ ಒಂಟಿ ಗಿಡದ ಅವಸ್ಥೆಯನ್ನು ಇವರು ನೋಡಿದ್ದಾರೆಯೆ? ಪೂಜೆಗೆ ನಾಲ್ಕು ಕುಡಿ, ಕೆಮ್ಮಿಗೆ ಹತ್ತು ಎಲೆ, ಚಹಾಕ್ಕೆ ಮತ್ತಷ್ಟು. ಕೀಳುವ ಕೈ ನಲವತ್ತು, ಪುಣ್ಯಕ್ಕೆಂದು ನೀರೆರೆಯುವ ಕೈಯೂ ನಲವತ್ತು. ತುದಿ ಬೋಳಾಗಿ, ಬುಡ ಕೊಳೆತು, ಉತ್ಥಾನ ದ್ವಾದಶಿಗೆ ನೆಲ್ಲಿಯ ಟೊಂಗೆ ಹಿಡಿದು ಹೋದರೆ ಮದುಮಗಳೇ ಇರುವುದಿಲ್ಲ!

ತುಳಸಿ ಎಂದರೆ ಒಂದೇ ಬಗೆಯಲ್ಲ. ಹಸಿರೆಲೆಯ ಶ್ರೀತುಳಸಿ, ನೇರಳೆ ಛಾಯೆಯ ಕೃಷ್ಣತುಳಸಿ ಇವೆರಡೂ ಒಂದೇ ಜಾತಿಯವು. ಲವಂಗದ ವಾಸನೆಯ ದೊಡ್ಡೆಲೆಯ ತುಳಸಿ ಬೇರೆ ಜಾತಿ. ಆಫ್ರಿಕದಿಂದ ಬಂದ ಕರ್ಪೂರತುಳಸಿ ಮತ್ತೊಂದು. ಇನ್ನು ಕಾಮಕಸ್ತೂರಿ: ನಮ್ಮ ತಾಯಂದಿರು ಹೂವಿನೊಡನೆ ಸೇರಿಸಿ ಮುಡಿದದ್ದು, ಬೀಜ ನೆನೆಸಿ ಬೇಸಗೆಯ ಪಾನಕಕ್ಕೆ ಬೆರೆಸಿದ್ದು. ಮರಾಠಿ ನೆರೆಯವರಿಗೆ ಇದು ಸಬ್ಜಾ. 1753ರಲ್ಲಿ ಲಿನೇಯಸ್ ಇದಕ್ಕಿಟ್ಟ ಹೆಸರು ಓಸಿಮಮ್ ಬೆಸಿಲಿಕಮ್. ನಮ್ಮ ಮಕ್ಕಳು ಪಿಜ್ಜಾದ ಮೇಲೆ ಉದುರಿಸಿಕೊಳ್ಳುವ 'ಬೇಸಿಲ್' ಇದೇ ಜಾತಿಯದು! ಹಿತ್ತಲಲ್ಲಿ ಪುಕ್ಕಟೆ ಬೆಳೆದಾಗ ಕಳೆ, ಸೀಸೆಯಲ್ಲಿ ಬಂದಾಗ ಪರದೇಶದ ರುಚಿ. ಕಾಮಕಸ್ತೂರಿ ಎಂಬ ಹೆಸರನ್ನೇ ಕೇಳದ ಮಗುವಿಗೆ ಊರಿನ ಹಿತ್ತಲನ್ನು ಯಾವ ಭಾಷಣದಿಂದ ತಿಳಿಸಿಕೊಡುವಿರಿ?

ಪೂಜೆಯ ಗಿಡದ ಬಳಿ ಅಡುಗೆಯ ಗಿಡ ಸಲ್ಲದೆಂಬ ಆಕ್ಷೇಪವೂ ಉಂಟು. ಎಲೆ ಕೀಳಲು ಬೇರೆ ಮಡಿ ಇದ್ದರೆ ತಾನೆ ಪೂಜೆಯ ಗಿಡ ಉಳಿಯುವುದು? ತುಳಸಿ ರಾತ್ರಿಯೂ ಪ್ರಾಣವಾಯು ಕೊಡುತ್ತದೆಂದು ಹೊಗಳುವವರೂ ಇದ್ದಾರೆ. ಬೆಳಕಿಲ್ಲದೆ ಅದು ಸಾಧ್ಯವಿಲ್ಲ. ತುಳಸಿಗೆ ಬೇಕಾದದ್ದು ಸುಳ್ಳು ಹೊಗಳಿಕೆಯಲ್ಲ, ಬಿಸಿಲು ಮತ್ತು ನೀರು ಬಸಿಯುವ ಮಣ್ಣು.

ಇಲ್ಲಿಯ ಕಪ್ಪು ಮಣ್ಣು ನೀರನ್ನು ಹಿಡಿದಿಡುತ್ತದೆ. ಮರಳು, ಗೊಬ್ಬರ ಬೆರೆಸಿ ಮಡಿಯನ್ನು ಎತ್ತರಿಸಬೇಕು. ಮೇ ತಿಂಗಳಲ್ಲಿ ಬೀಜಕ್ಕೆ ಮರಳು ಕಲಸಿ ಕುಂಡದಲ್ಲಿ ಚೆಲ್ಲಿ, ಮಳೆ ಹಿಡಿದ ಮೇಲೆ ಒಂದೂವರೆ ಅಡಿಗೊಂದರಂತೆ ನೆಡಿರಿ. ತೆನೆ ಚಿವುಟಿದಷ್ಟೂ ಎಲೆ ಚಿಗುರುತ್ತದೆ. ಕಾಮಕಸ್ತೂರಿಯ ಬಗೆಗಳು ಜೇನ್ನೊಣದಿಂದ ಒಂದಕ್ಕೊಂದು ಬೆರೆತುಹೋಗುವುದರಿಂದ, ಬೀಜಕ್ಕೆಂದು ಒಂದೇ ಬಗೆಯನ್ನು ಹೂ ಬಿಡಗೊಡಿರಿ. ಪ್ರತಿ ಗಿಡದ ಬಳಿ ಕನ್ನಡ, ಮರಾಠಿ ಎರಡರಲ್ಲೂ ಹೆಸರಿನ ಫಲಕವಿರಲಿ.

ಕಮಿಟಿ ಒಪ್ಪೀತೆ ಎಂಬ ಅಂಜಿಕೆಯೆ? ಆಳಂದಿ, ದೇಹುಗಳಿಂದ ಹೊರಟ ಪಾಲಖಿಗಳು ವರ್ಷವರ್ಷವೂ ಇದೇ ಪುಣೆಯ ಮೂಲಕ ಸಾಗುತ್ತವೆ; ಹೆಂಗಸರು ತುಳಸಿಯನ್ನು ತಲೆಯ ಮೇಲೆ ಹೊತ್ತು ಪಂಢರಪುರಕ್ಕೆ ನಡೆಯುತ್ತಾರೆ. ನಮ್ಮ ಪುರಂದರದಾಸರ ಅಂಕಿತದಲ್ಲಿರುವವನೂ ಆ ವಿಠಲನೇ. ಇಂಥ ಊರಿನಲ್ಲಿ ತುಳಸಿಗೆ ನೆಲ ಕೇಳಲು ಸಂಕೋಚವೇಕೆ? ಹುಲ್ಲುಹಾಸಿಗೆ ಬೇಸಗೆಯೆಲ್ಲ ನೀರು ಸುರಿಯುವವರಿಗೆ ಹತ್ತಡಿ ನೆಲ ಭಾರವಾಗದು. ಮುಂದಿನ ಸಭೆಯಲ್ಲಿ ಕೇಳಿರಿ. ಕೊಡದಿದ್ದರೆ ಅದರ ಮುಂದಿನ ಸಭೆಯಲ್ಲೂ ಕೇಳಿರಿ.