ಹಿಮದ ನಾಡಿನ ದಿನಚರಿ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ನಮ್ಮ ಸಮಾಜದ ಮನೆಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ಹೊಸ ಸಂಗತಿಯನ್ನು ನಾವು ಕಾಣುತ್ತಿದ್ದೇವೆ. ಪಡಸಾಲೆಯ ಗೋಡೆಯಲ್ಲಿ ಹಿರಿಯರ ಭಾವಚಿತ್ರಗಳ ಪಕ್ಕದಲ್ಲಿ, ಹಿಮದ ನಡುವೆ ನಿಂತ ಮಗ, ಸೊಸೆ, ಮೊಮ್ಮಕ್ಕಳ ಚಿತ್ರವೂ ಇರುತ್ತದೆ. ಮಗನ ಸಂಬಳವೆಷ್ಟು ಎಂದು ಕೇಳಿದರೆ ತಂದೆತಾಯಿಗಳು ಹೇಳಬಲ್ಲರು. ಅವನು ಕೊಂಡ ಮನೆಯ ಬೆಲೆಯನ್ನೂ ಹೇಳಬಲ್ಲರು. ಆದರೆ ಅವನು ಎಷ್ಟು ಹೊತ್ತಿಗೆ ಏಳುತ್ತಾನೆ, ಪಾತ್ರೆ ತೊಳೆಯುವವರು ಯಾರು, ಮಗುವಿಗೆ ಜ್ವರ ಬಂದರೆ ಏನು ಮಾಡುತ್ತಾರೆ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಮಕ್ಕಳ ದಿನಚರಿಯನ್ನು ಅರಿಯದ ಕಡೆ ಅಸಮಾಧಾನ ಬೇಗ ಬೇರುಬಿಡುತ್ತದೆ. ಆದಕಾರಣ ಈ ಸಂಚಿಕೆಯಲ್ಲಿ ಆ ದಿನಚರಿಯನ್ನೇ ಓದುಗ ಬಂಧುಗಳ ಮುಂದಿಡಬೇಕೆಂದು ಬಯಸಿದ್ದೇವೆ.

ಮಕ್ಕಳು ಊರು ಬಿಟ್ಟರೆಂದು ಅವರನ್ನು ದೂರುವುದು ಸುಲಭ. ತಲೆಮಾರಿನಿಂದ ತಲೆಮಾರಿಗೆ ಪಾಲಾದ ತೋಟ, ಮಳೆಗಾಲದ ಕೊಳೆರೋಗ, ಶೃಂಗೇರಿ ಕೊಪ್ಪ ಸೀಮೆಯ ಅಡಕೆ ತೋಟಗಳನ್ನು ದಶಕಗಳಿಂದ ಕಾಡುತ್ತಿರುವ ಹಳದಿ ಎಲೆ ರೋಗ, ಅದರ ಮೇಲೆ ಈಗ ಎಲೆಚುಕ್ಕಿ ರೋಗ, ಇವೆಲ್ಲವನ್ನೂ ಕಂಡ ತಂದೆಯೇ ಮಗನಿಗೆ ಓದಿ ಬೇರೆ ದಾರಿ ನೋಡಿಕೊಳ್ಳೆಂದು ಹೇಳಿದ್ದುಂಟು. ನೆಲೆ ಬದಲಿಸುವುದು ನಮ್ಮ ಸೀಮೆಗೆ ಹೊಸದೂ ಅಲ್ಲ. 1965ರಲ್ಲಿ ಪೂರ್ಣಗೊಂಡ ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ಹಿನ್ನೀರಿಗೆ ಗದ್ದೆ ತೋಟಗಳನ್ನು ಬಿಟ್ಟುಕೊಟ್ಟು ಬೇರೆಡೆ ಒಲೆ ಹೂಡಿದ ಕುಟುಂಬಗಳು ನರಸಿಂಹರಾಜಪುರದ ಸುತ್ತ ಎಷ್ಟೋ ಇವೆ.

ಕೆನಡಾಕ್ಕೆ ಹೋದ ನಮ್ಮವರೆಲ್ಲ ಟೊರಾಂಟೊ ಮಹಾನಗರದಲ್ಲಿಯೇ ಇರುವುದಿಲ್ಲ. ಮನೆಯ ಬಾಡಿಗೆ ಅಲ್ಲಿ ಹೆಚ್ಚಾದುದರಿಂದ ಹಲವರು ಮಧ್ಯಮ ಗಾತ್ರದ ನಗರಗಳನ್ನು ಆಶ್ರಯಿಸಿದ್ದಾರೆ. ಒಂಟಾರಿಯೊ ಪ್ರಾಂತದ ಲಂಡನ್ ಅಂಥದೊಂದು ನಗರ. ಇಂಗ್ಲೆಂಡಿನ ರಾಜಧಾನಿಯ ಹೆಸರನ್ನೇ ಇಟ್ಟುಕೊಂಡಿರುವ ಈ ಊರು ಟೊರಾಂಟೊದಿಂದ ಸುಮಾರು 190 ಕಿಲೋಮೀಟರ್ ನೈಋತ್ಯಕ್ಕಿದೆ. ಇಲ್ಲಿ ಹರಿಯುವ ಹೊಳೆಗೂ ಥೇಮ್ಸ್ ಎಂದೇ ಹೆಸರು. 2021ರ ಜನಗಣತಿಯಂತೆ ಜನಸಂಖ್ಯೆ 4,22,324. 1878ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯವೊಂದು ಅಲ್ಲಿದೆ. ಮರಗಳು ಹೇರಳವಾಗಿರುವುದರಿಂದ ಅದನ್ನು ವನನಗರವೆಂದೂ ಕರೆಯುತ್ತಾರೆ. ಮಲೆನಾಡಿನವರಿಗೆ ಈ ಹೆಸರು ಹಿಡಿಸೀತು.

ಅಲ್ಲಿನ ಬದುಕನ್ನು ಆಳುವುದು ಚಳಿಗಾಲ. ಡಿಸೆಂಬರಿನಲ್ಲಿ ಸೂರ್ಯ ಮೂಡುವಾಗ ಬೆಳಗ್ಗೆ ಏಳೂ ಮುಕ್ಕಾಲು ದಾಟಿರುತ್ತದೆ. ಸಂಜೆ ಐದಕ್ಕೆ ಮುಂಚೆಯೇ ಕತ್ತಲೆ. ಕೆಲಸಕ್ಕೆ ಹೋಗುವುದೂ ಕತ್ತಲೆಯಲ್ಲಿ, ಮರಳುವುದೂ ಕತ್ತಲೆಯಲ್ಲಿ. ರಾತ್ರಿ ಹಿಮ ಬಿದ್ದರೆ ಮುಂಜಾನೆ ಮೊದಲು ಸಲಿಕೆ ಹಿಡಿದು ಮನೆಯ ಮುಂದಿನ ದಾರಿಯನ್ನು ಬಿಡಿಸಬೇಕು. ಅಷ್ಟರಲ್ಲಿ ನಗರಸಭೆಯ ಯಂತ್ರ ಬೀದಿಯ ಹಿಮವನ್ನು ಸರಿಸುತ್ತ ಬಂದು, ಬಿಡಿಸಿದ ದಾರಿಯ ಬಾಯಿಗೇ ಒಂದು ಒಡ್ಡು ಹಾಕಿ ಹೋಗುತ್ತದೆ. ಅದನ್ನು ಮತ್ತೆ ಎತ್ತಬೇಕು. ಕಾರಿನ ಗಾಜಿಗೆ ಅಂಟಿದ ಮಂಜುಗಡ್ಡೆಯನ್ನು ಕೆರೆಯಬೇಕು, ಮಗುವಿಗೆ ನಾಲ್ಕು ಪದರದ ಉಡುಪು ತೊಡಿಸಬೇಕು. ಅಲ್ಲಿ ಕಚೇರಿಯ ದಿನ ಆರಂಭವಾಗುವುದು ಇಷ್ಟೆಲ್ಲ ಆದ ಮೇಲೆ.

ಇದನ್ನು ಕೇಳಿ ತಾಯಂದಿರು ಕಣ್ಣೀರಿಡಬೇಕಾಗಿಲ್ಲ. ನಮ್ಮ ಹಿರಿಯರು ಮಲೆನಾಡಿನ ಮಳೆಗಾಲವನ್ನು ಎದುರಿಸಿದ ಬಗೆ ಇದಕ್ಕಿಂತ ತೀರ ಬೇರೆಯೇನಲ್ಲ. ಬೇಸಿಗೆ ಮುಗಿಯುವುದರೊಳಗೆ ಕೊಟ್ಟಿಗೆಗೆ ಸೌದೆ ತುಂಬಿಸಿ, ಹಪ್ಪಳ, ಸಂಡಿಗೆ, ಉಪ್ಪಿನಕಾಯಿಗಳನ್ನು ಕೂಡಿಟ್ಟು, ಕಂಬಳಿ ಗೊರಬುಗಳನ್ನು ಸಿದ್ಧಮಾಡಿಕೊಂಡು ಅವರು ಮಳೆಗೆ ಕಾದಿದ್ದರು. ಅದೇ ವಿವೇಕ ಅಲ್ಲಿಯೂ ನಡೆಯುತ್ತದೆ. ನವೆಂಬರಿಗೆ ಮೊದಲೇ ಕಾರಿಗೆ ಚಳಿಗಾಲದ ಟೈರು, ಮನೆಯಲ್ಲಿ ಉಪ್ಪಿನ ಚೀಲ, ಕಾಲಿಗೆ ತಕ್ಕ ಬೂಟು ಇರಲೇಬೇಕು. ಅಣಿಯಾದವನಿಗೆ ಚಳಿಗಾಲವೂ ಒಂದು ಋತು ಮಾತ್ರ.

ಎರಡನೆಯ ಸಂಗತಿ ಕೈಗೆಲಸದ್ದು. ಇಲ್ಲಿ ಒಂದು ಸಾಧಾರಣ ತೋಟದ ಮನೆಯಲ್ಲಿಯೂ ಅಂಗಳ ಗುಡಿಸಲು, ಕೊಟ್ಟಿಗೆ ನೋಡಲು ಯಾರಾದರೂ ಇರುತ್ತಿದ್ದರು. ಅಲ್ಲಿ ಮಧ್ಯಮ ವರ್ಗದ ಮನೆಗಳಲ್ಲಿ ಅಂಥ ನೆರವು ವಿರಳ. ಅಡುಗೆ, ಬಟ್ಟೆ, ಶೌಚಾಲಯದ ಶುದ್ಧಿ, ನಲ್ಲಿಯ ದುರಸ್ತಿ ಎಲ್ಲವೂ ಗಂಡಹೆಂಡಿರ ಕೈಯಿಂದಲೇ. ಇಲ್ಲಿ ಒಂದು ಲೋಟವನ್ನೂ ಎತ್ತಿಡದಿದ್ದ ಮಗ ಅಲ್ಲಿ ಪಾತ್ರೆ ತೊಳೆಯುತ್ತಾನೆಂದು ಕೇಳಿ ನೊಂದುಕೊಂಡ ಅತ್ತೆಯರನ್ನು ನಾವು ಕಂಡಿದ್ದೇವೆ. ಹೋದ ಹೊಸದರಲ್ಲಿ ಓದಿಗೆ ತಕ್ಕ ಉದ್ಯೋಗ ಸಿಗದೆ ಉಗ್ರಾಣದಲ್ಲಿಯೋ ಅಂಗಡಿಯಲ್ಲಿಯೋ ದುಡಿದವರೂ ಇದ್ದಾರೆ. ಮನೆಯವರು ಕುಗ್ಗಿಹೋದಾರೆಂದು ಅದನ್ನು ಮುಚ್ಚಿಡುತ್ತಾರೆ. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸರಾಗಿದ್ದರೆಂದು ನಮ್ಮ ಪರಂಪರೆ ಹೇಳುತ್ತದೆ. ದೂರದ ಕಲ್ಯಾಣಕ್ಕೆ ಬಂದ ಅವರು ಸೌದೆಯ ಹೊರೆ ಮಾರಿ ಬದುಕಿದರು, ಅದರಿಂದಲೇ ದಾಸೋಹ ನಡೆಸಿದರು. ಅಂಥವರನ್ನು ಸ್ಮರಿಸುವ ಮನೆಯಲ್ಲಿ ಮಗನ ಕೈಗೆಲಸ ನಾಚಿಕೆಯ ವಿಷಯವಾಗಬಾರದು.

ಅಲ್ಲಿ ಪೂಜೆಗೆ ಅನುಕೂಲವುಂಟೇ ಎಂಬ ಪ್ರಶ್ನೆ ಸಹಜ. ಅಂಗೈಯಲ್ಲಿ ನೆಲೆಗೊಳ್ಳುವ ಇಷ್ಟಲಿಂಗಕ್ಕೆ ದೇಶದ ಗಡಿಯಿಲ್ಲ. ಹತ್ತು ನಿಮಿಷದ ಏಕಾಂತವೊಂದಿದ್ದರೆ ಸಾಕು. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಹೊಗೆ ಕಂಡೊಡನೆ ಕೂಗುವ ಉಪಕರಣವನ್ನು ಮನೆಯ ಪ್ರತಿ ಅಂತಸ್ತಿನಲ್ಲಿಯೂ ಅಳವಡಿಸಬೇಕೆಂಬುದು ಒಂಟಾರಿಯೊದ ನಿಯಮ. ಕರ್ಪೂರಕ್ಕೂ ಊದಿನಕಡ್ಡಿಗೂ ಅದು ಕೂಗುತ್ತದೆ, ಒಗ್ಗರಣೆ ಸೀದರೂ ಕೂಗುತ್ತದೆ. ವಿಭೂತಿ, ಪತ್ರೆ, ನೀರುಗಳಲ್ಲಿ ಪೂಜೆ ಪೂರೈಸಬಹುದು. ವೀರಶೈವ ಸಮಾಜ ಆಫ್ ನಾರ್ತ್ ಅಮೇರಿಕ, ಟೊರಾಂಟೊದ ಕನ್ನಡ ಸಂಘ ಮೊದಲಾದ ಸಂಸ್ಥೆಗಳೂ ಇವೆ. ಆದರೆ ಮಧ್ಯಮ ನಗರದಲ್ಲಿರುವವರಿಗೆ ಒಂದು ಕಾರ್ಯಕ್ರಮಕ್ಕೆ ಹೋಗಿಬರಲು ಒಂದು ದಿನವೇ ಬೇಕು. ಮಗು ಕನ್ನಡ ಕಲಿಯುವುದು ಮನೆಯ ಮಾತಿನಿಂದ. ಆ ಮಾತಿನಲ್ಲಿ ಅರ್ಧ ಪಾಲು ಅಜ್ಜ ಅಜ್ಜಿಯರದು.

ಇಲ್ಲಿಗೆ ದೂರವಾಣಿಯ ವಿಷಯ ಬಂದಿತು. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮಗಿಂತ 10 ಗಂಟೆ 30 ನಿಮಿಷ ಹಿಂದೆ. ಮಾರ್ಚ್ ಎರಡನೆಯ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ 9 ಗಂಟೆ 30 ನಿಮಿಷ ಹಿಂದೆ. ನಾವು ರಾತ್ರಿ ಎಂಟಕ್ಕೆ ಊಟ ಮುಗಿಸಿ ಕರೆದರೆ ಅಲ್ಲಿ ಬೆಳಗಿನ ಒಂಬತ್ತೂವರೆ ಅಥವಾ ಹತ್ತೂವರೆ. ಮಗ ಕಚೇರಿಯ ಸಭೆಯಲ್ಲಿರುತ್ತಾನೆ, ಕರೆ ತೆಗೆಯುವುದಿಲ್ಲ. ಇಲ್ಲಿ ತಂದೆ, ಮಗ ಬದಲಾದನೆಂದು ತೀರ್ಮಾನಿಸುತ್ತಾರೆ. ಬೆಳಗಿನ ಆರಕ್ಕೆ ಕರೆದರೆ ಅಲ್ಲಿ ಸಂಜೆಯ ಏಳೂವರೆಯೋ ಎಂಟೂವರೆಯೋ ಆಗಿರುತ್ತದೆ. ದಿನವೂ ಅದೇ ಹೊತ್ತಿಗೆ ಹದಿನೈದು ನಿಮಿಷ ಮೊಮ್ಮಗುವಿಗೆ ಒಂದು ಕಥೆ ಹೇಳುವುದಾದರೆ ಮಗುವಿಗೆ ಭಾಷೆ ಉಳಿಯುತ್ತದೆ, ತಂದೆಗೆ ಮಗನ ಮುಖವೂ ಕಾಣುತ್ತದೆ.

ಹಾಗಾದರೆ ಹಿರಿಯರೇ ಅಲ್ಲಿಗೆ ಹೋಗಿ ಇರಬಹುದಲ್ಲ ಎನ್ನುವವರಿದ್ದಾರೆ. ತಂದೆತಾಯಿಗಳಿಗಾಗಿ ಕೆನಡಾ 2011ರಲ್ಲಿ ಸೂಪರ್ ವೀಸಾ ಎಂಬ ವ್ಯವಸ್ಥೆಯನ್ನು ತಂದಿತು. 2022ರ ಜುಲೈಯಿಂದ ಒಮ್ಮೆ ಹೋದರೆ ಐದು ವರ್ಷದವರೆಗೆ ಇರಲು ಅವಕಾಶವಿದೆ. ಮಗನಿಗೆ ನಿಗದಿತ ಆದಾಯವಿರಬೇಕು, ಹಿರಿಯರಿಗೆ ಕನಿಷ್ಠ 1,00,000 ಕೆನಡಾ ಡಾಲರಿನ ಆರೋಗ್ಯ ವಿಮೆ ಇರಬೇಕು. ಅಲ್ಲಿ ಕಾಯಂ ನೆಲೆಸಿದವರು ವೈದ್ಯರಿಗೆ ಶುಲ್ಕ ತೆರಬೇಕಾಗಿಲ್ಲವಾದರೂ ಆ ಸೌಲಭ್ಯ ಭೇಟಿಗೆ ಹೋದ ಹಿರಿಯರಿಗೆ ದೊರೆಯದು. ಆದಕಾರಣ ವಿಮೆಯ ವಿಷಯದಲ್ಲಿ ಮಿತವ್ಯಯ ಸಲ್ಲದು. ಹಳೆಯ ಕಾಯಿಲೆಗಳನ್ನು ಅದರಲ್ಲಿ ಮರೆಮಾಚಲೂಬಾರದು.

ಹೋಗುವ ಕಾಲವನ್ನೂ ಆಲೋಚಿಸಬೇಕು. ಅಲ್ಲಿ ಹಿತವಾದ ತಿಂಗಳುಗಳು ಮೇ ಮಧ್ಯದಿಂದ ಸೆಪ್ಟೆಂಬರ್. ನಮಗೋ ಜೂನ್ ಬಂತೆಂದರೆ ಅಡಕೆಗೆ ಬೋರ್ಡೋ ಔಷಧ ಹೊಡೆಸಬೇಕು, ಮಳೆ ಬಿಡುವು ಕೊಟ್ಟಾಗ ಮತ್ತೊಮ್ಮೆ ಹೊಡೆಸಬೇಕು. ಮಳೆ ನಿಂತ ಮೇಲೆ ಅಡಕೆ ಕೊಯ್ಲು, ಅದರ ಬೆನ್ನಿಗೆ ಕಾಫಿ ಕೊಯ್ಲು. ತೋಟದವನಿಗೆ ಬಿಡುವು ಸಿಗುವುದು ಏಪ್ರಿಲ್ ಮತ್ತು ಮೇ ತಿಂಗಳಲ್ಲಿ; ಬಂಧುಗಳು ಆ ಎಂಟು ವಾರಗಳನ್ನೇ ಆರಿಸಿಕೊಳ್ಳುವುದು ಲೇಸು. ಸೊಸೆಯ ಅಥವಾ ಮಗಳ ಬಾಣಂತನ ಮಾತ್ರ ಋತುವನ್ನು ಕೇಳುವುದಿಲ್ಲ. ಚಳಿಗಾಲದಲ್ಲಿ ಹೋಗಬೇಕಾದ ತಾಯಿ, ಹಂಡೆಯ ನೀರೂ ಬಚ್ಚಲ ಒಲೆಯೂ ಇಲ್ಲದ ಮನೆಯಲ್ಲಿ, ನೆರೆಯವರ ಮಾತಿಲ್ಲದೆ ವಾರಗಟ್ಟಲೆ ಒಳಗೇ ಇರಬೇಕಾಗುವುದೆಂದು ಮೊದಲೇ ತಿಳಿದು ಹೊರಡಲಿ. ತಾಯಿಯನ್ನು ಕರೆಸಿಕೊಂಡ ಮಕ್ಕಳೂ ಆಕೆಯನ್ನು ಮನೆಗೆಲಸಕ್ಕಷ್ಟೇ ಉಳಿಸದೆ ವಾರಕ್ಕೊಮ್ಮೆಯಾದರೂ ಹೊರಗೆ ಕರೆದೊಯ್ಯಲಿ.

ಕೊನೆಯದಾಗಿ, ಎಲ್ಲರೂ ಮುಂದೂಡುವ ಮಾತೊಂದಿದೆ. ಅದು ತೋಟದ ಮಾತು. ಮಗ ಕೆನಡಾದ ಪೌರತ್ವ ಪಡೆದರೆ ಭಾರತದ ಪೌರತ್ವ ಉಳಿಯದು. ಎರಡನ್ನೂ ಹೊಂದಲು ನಮ್ಮ ಕಾನೂನು ಒಪ್ಪುವುದಿಲ್ಲ. ಸಾಗರೋತ್ತರ ಭಾರತೀಯನೆಂಬ ಕಾರ್ಡನ್ನು ಪಡೆಯಬಹುದು. ಅಂಥವರು ಕೃಷಿಭೂಮಿಯನ್ನಾಗಲಿ ತೋಟವನ್ನಾಗಲಿ ಇಲ್ಲಿ ಕ್ರಯಕ್ಕೆ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದುದನ್ನು ಹೊಂದಬಹುದು. ಆದುದರಿಂದ ಇಂದು ಮಾರಿದ ತೋಟವನ್ನು ನಾಳೆ ಮನಸ್ಸಾದಾಗ ಮರಳಿ ಕೊಳ್ಳಲು ಆತನಿಗೆ ಸಾಧ್ಯವಾಗದು. ಊರಿನಲ್ಲಿಯೇ ಉಳಿದು ತೋಟವನ್ನೂ ತಂದೆತಾಯಿಗಳನ್ನೂ ನೋಡಿಕೊಳ್ಳುತ್ತಿರುವ ಮಗನೋ ಮಗಳೋ ಇದ್ದರೆ ಅವರ ಶ್ರಮಕ್ಕೆ ಪಾಲಿನಲ್ಲಿ ಏನು ಬೆಲೆ ಎಂಬುದನ್ನೂ ಹೇಳಬೇಕಾಗುತ್ತದೆ. ಮರಣಾನಂತರ ಆತುರದಿಂದ ಹಾರಿಬಂದ ಮಕ್ಕಳು ಹತ್ತು ದಿನಗಳ ರಜೆಯಲ್ಲಿ ಇದನ್ನು ಇತ್ಯರ್ಥಗೊಳಿಸಲಾರರು. ಅವರು ಮುಂದಿನ ಸಲ ಊರಿಗೆ ಬಂದಾಗ, ಹಿರಿಯರು ಗಟ್ಟಿಯಾಗಿರುವಾಗಲೇ, ಎಲ್ಲರನ್ನೂ ಕೂರಿಸಿಕೊಂಡು ಪಹಣಿ ಪತ್ರಗಳನ್ನು ತೆರೆದಿಟ್ಟು ಮಾತನಾಡಬೇಕು.

ದೂರ ಹೋದವರು ನಮ್ಮವರಾಗಿಯೇ ಉಳಿಯಬೇಕೆಂದು ನಾವು ಬಯಸುತ್ತೇವೆ. ಅದಕ್ಕೆ ಅವರ ದಿನದಲ್ಲಿ ನಮಗೆ ಆಸಕ್ತಿಯಿರಬೇಕು. ನಾಳೆ ಮುಂಜಾನೆ ಕರೆ ಮಾಡುವ ಬಂಧುಗಳು ಸಂಬಳದ ಮಾತನ್ನು ಬಿಟ್ಟು, ಹಿಮ ಎಷ್ಟು ಬಿತ್ತು, ಇವತ್ತು ಅಡುಗೆ ಯಾರದು ಎಂದು ಕೇಳಿ ನೋಡಲಿ. ಎಲ್ಲ ಮನೆಗಳಿಗೂ ಶುಭವಾಗಲಿ.